ಗ್ರ್ಯಾವಿಟಿ ಸರಿ, ಲೀಟರ್ ಎಷ್ಟಿತ್ತು?

ಭಾನುವಾರ ಸಂಜೆಯಾದರೆ ಸಾಕು, ಮನೆಯಲ್ಲಿ ಬಿಯರ್ ಮಾಡುವವರ ಮೆಸೇಜ್ ಶುರು. "ಗ್ರ್ಯಾವಿಟಿ 1.042 ಬಂತು ಸರ್, ಮ್ಯಾಶ್ ಎಫಿಶಿಯನ್ಸಿ ಎಷ್ಟಾಯ್ತು?" ಗ್ರ್ಯಾವಿಟಿ ಅಂದರೆ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಅನ್ನೋ ಅಂಕಿ, ಸಕ್ಕರೆ ಹೆಚ್ಚಿದಷ್ಟೂ ಅದೂ ಹೆಚ್ಚು. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಎಷ್ಟು ಕೆಜಿ ಅಂತ ಬರೆದಿರುತ್ತಾರೆ, ಕಹಿಗೆ ಹಾಕುವ ಹಾಪ್ಸ್ ಹೂವು ಯಾವುದು ಅಂತಲೂ ಬರೆದಿರುತ್ತಾರೆ, ನೊರೆಯ ಫೋಟೋ ಬೇರೆ. ಕೆಟಲ್‌ನಲ್ಲಿ ಎಷ್ಟು ಲೀಟರ್ ಇತ್ತು ಅನ್ನೋದೊಂದೇ ಇರುವುದಿಲ್ಲ.

ನಾನಿರುವುದು ಒರೆಗಾನ್‌ನಲ್ಲಿ, ಕೆಲಸ ಒಂದು ಸಣ್ಣ ಬ್ರೂವರಿಯಲ್ಲಿ. ಇಲ್ಲಿ ಚಿಪ್ ಕಂಪನಿ, ಸಾಫ್ಟ್‌ವೇರ್ ಅಂತ ಬಂದಿರುವ ನಮ್ಮವರಲ್ಲಿ ಕೆಲವರು ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಾರೆ. ಅಮೆರಿಕದಲ್ಲಿ 1979ರಿಂದ ಇದಕ್ಕೆ ಕೇಂದ್ರದ ತಕರಾರಿಲ್ಲ. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರುವಂತಿಲ್ಲ ಅಷ್ಟೆ. ಊರಿನಿಂದ ಓದುತ್ತಿರುವವರಿಗೆ ಒಂದು ಮಾತು: ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಆಮೇಲೆ ನನ್ನ ಹೆಸರು ಹೇಳಬೇಡಿ.

ಈಗ ವಿಷಯಕ್ಕೆ ಬರೋಣ. ಪುಡಿ ಮಾಡಿದ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಕ್ಕರೆ ಬಿಡಿಸುವುದೇ ಮ್ಯಾಶ್, ಆ ಸಿಹಿನೀರನ್ನು ಕುದಿಸುವ ಪಾತ್ರೆ ಕೆಟಲ್. ಮಾಲ್ಟ್‌ನಲ್ಲಿ ಇದ್ದ ಸಕ್ಕರೆಯಲ್ಲಿ ಎಷ್ಟು ಪಾಲು ಕೆಟಲ್‌ಗೆ ಇಳಿಯಿತು ಅನ್ನೋದೇ ಮ್ಯಾಶ್ ಎಫಿಶಿಯನ್ಸಿ. ಎಷ್ಟು ಇಳಿಯಿತು ಅಂತ ತಿಳಿಯಲು ಎರಡು ಅಂಕಿ ಬೇಕು. ಗ್ರ್ಯಾವಿಟಿ ಒಂದು, ಲೀಟರ್ ಇನ್ನೊಂದು. ಪಾನಕ ಎಷ್ಟು ಸಿಹಿಯಾಗಿದೆ ಅಂತ ನಾಲಿಗೆ ಹೇಳುತ್ತದೆ. ಆದರೆ ಎಷ್ಟು ಬೆಲ್ಲ ಹಾಕಿದ್ದಾರೆ ಅಂತ ಹೇಳಬೇಕಾದರೆ ಕೊಳದಪ್ಪಲೆ ಎಷ್ಟು ದೊಡ್ಡದು ಅಂತ ನೋಡಲೇಬೇಕು.

ಲೆಕ್ಕ ಸುಲಭ. 1.042ರಲ್ಲಿ ಕೊನೆಯ 42ನ್ನು ಲೀಟರ್‌ನಿಂದ ಗುಣಿಸಿದರೆ ಬರುವುದು ಪಾಯಿಂಟ್. ಸಾಧಾರಣ ಬೇಸ್ ಮಾಲ್ಟ್, ಅಂದರೆ ಬಿಯರ್‌ನ ಮುಖ್ಯ ಮಾಲ್ಟ್, ಕೆಜಿಗೆ ಸುಮಾರು 300 ಪಾಯಿಂಟ್ ಕೊಡಬಲ್ಲದು ಅಂತ ಹಿಡಿಯಿರಿ. ನಿಮ್ಮ ಮೂಟೆಯ ಅಂಕಿ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು, ಮಾಲ್ಟ್ ಕಂಪನಿಯ ಶೀಟ್ ಸಿಕ್ಕರೆ ಅದನ್ನೇ ನಂಬಿ. 5 ಕೆಜಿಗೆ 1500. ಕುದಿಯುವ ಮುಂಚೆ ಕೆಟಲ್‌ನಲ್ಲಿ 28 ಲೀಟರ್, ಗ್ರ್ಯಾವಿಟಿ 1.042. ಆ 42ನ್ನು 28ರಿಂದ ಗುಣಿಸಿದರೆ 1176. ಅದನ್ನು 1500ರಿಂದ ಭಾಗಿಸಿದರೆ 78 ಪರ್ಸೆಂಟ್ ಚಿಲ್ಲರೆ. ಒಳ್ಳೆಯ ಅಂಕಿ, ಹೋಗಿ ಮಲಗಿ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಒಂದು ಗಂಟೆ ಕುದಿಸಿದ ಮೇಲೆ 28 ಲೀಟರ್ 24ಕ್ಕೆ ಇಳಿಯಿತು ಅಂದುಕೊಳ್ಳಿ. ಗ್ರ್ಯಾವಿಟಿ 1.049ಕ್ಕೆ ಏರಿರುತ್ತದೆ. 49 ಗುಣಿಸು 24 ಎಷ್ಟು? ಅದೇ 1176. ಆವಿಯಾಗಿ ಹೋದದ್ದು ನೀರು, ಸಕ್ಕರೆ ಎಲ್ಲೂ ಹೋಗಿಲ್ಲ, ಹೊಸದಾಗಿ ಹುಟ್ಟಿಯೂ ಇಲ್ಲ. ಆದ್ದರಿಂದ ಕುದಿಯುವ ಮುಂಚೆ ಅಳೆದರೂ ಸರಿ, ಆಮೇಲೆ ಅಳೆದರೂ ಸರಿ. ಆದರೆ ಗ್ರ್ಯಾವಿಟಿ, ಲೀಟರ್ ಎರಡನ್ನೂ ಒಂದೇ ಹೊತ್ತಿನಲ್ಲಿ ಅಳೆಯಬೇಕು. ಮತ್ತೊಮ್ಮೆ ಹೇಳುತ್ತೇನೆ, ಒಂದೇ ಹೊತ್ತಿನಲ್ಲಿ.

ಇಬ್ಬರು ಗೆಳೆಯರು, ಒಬ್ಬರು ಹಾಸನದವರು, ಇನ್ನೊಬ್ಬರು ಧಾರವಾಡದವರು. ಇಬ್ಬರೂ ಸೇರಿ ಒಂದೇ ಕೆಟಲ್‌ನಲ್ಲಿ ಮಾಡಿ, ಲೆಕ್ಕ ಮಾತ್ರ ಬೇರೆ ಬೇರೆ ಬರೆದರು. ಹಾಸನದವರು ಕುದಿದ ಮೇಲಿನ 49 ತಗೊಂಡು ಮುಂಚಿನ 28ರಿಂದ ಗುಣಿಸಿದರು. 91 ಪರ್ಸೆಂಟ್! ಮನೆಯವರಿಗೆಲ್ಲ ಹೇಳಿಕೊಂಡು ಬಂದರು. ಧಾರವಾಡದವರು ಮುಂಚಿನ 42ನ್ನು ಆಮೇಲಿನ 24ರಿಂದ ಗುಣಿಸಿ 67 ಅಂತ ಮುಖ ಸಪ್ಪಗೆ ಮಾಡಿಕೊಂಡರು. ಅದೇ ಬಿಯರ್ ರೀ! ಅಷ್ಟಕ್ಕೆ ಬಿಡಲಿಲ್ಲ ಪುಣ್ಯಾತ್ಮ, ಮುಂದಿನ ಸಲ ಮಿಲ್‌ನ ಗ್ಯಾಪ್ ಬಿಗಿ ಮಾಡಿ ಮಾಲ್ಟನ್ನು ಹಿಟ್ಟು ಮಾಡಿದರು. ಸಿಪ್ಪೆ ಚೂರಾದರೆ ವರ್ಟ್, ಅಂದರೆ ಮಾಲ್ಟ್‌ನ ಸಿಹಿನೀರು, ಸೋಸಿ ಇಳಿಯುವುದು ಹೇಗೆ? ಕಟ್ಟಿಕೊಂಡು ನಿಂತಿತು. ರಾತ್ರಿ ಹನ್ನೊಂದಕ್ಕೆ ಫೋನ್. ಒಳ್ಳೆ ಮನುಷ್ಯ, ಬೈಯಲು ಮನಸ್ಸು ಬರಲಿಲ್ಲ.

ಬಿಯರ್ ಹುದುಗುವ ಪಾತ್ರೆಗೆ, ಅಂದರೆ ಫರ್ಮೆಂಟರ್‌ಗೆ, ಹೋದ ಲೀಟರ್ ಹಿಡಿದು ಲೆಕ್ಕ ಹಾಕುವವರೂ ಇದ್ದಾರೆ. 24ರಲ್ಲಿ 3 ಲೀಟರ್ ಹಾಪ್ಸ್ ಕಸದ ಜೊತೆ ತಳದಲ್ಲೇ ಉಳಿದರೆ 21 ಗುಣಿಸು 49 ಅಂದರೆ 1029, ಅದನ್ನು 1500ರಿಂದ ಭಾಗಿಸಿದರೆ 68 ಪರ್ಸೆಂಟ್ ಚಿಲ್ಲರೆ ಬರುತ್ತದೆ. ಅದು ಬ್ರೂಹೌಸ್ ಎಫಿಶಿಯನ್ಸಿ, ಬೇರೆ ಅಂಕಿ. ರೆಸಿಪಿ ಬರೆಯಲು ಬೇಕು, ಮ್ಯಾಶ್ ಹೇಗಾಯಿತು ಅನ್ನಲು ಬೇಡ.

ಲೀಟರ್ ಅಳೆಯುವುದು ಹೇಗೆ ಅಂತ ಕೇಳಿದರೆ ಕೆಲವರು "ರೆಸಿಪಿಯಲ್ಲಿ 28 ಇತ್ತಲ್ವಾ" ಅನ್ನುತ್ತಾರೆ. ರೆಸಿಪಿ ಬರೆದವರು ನಿಮ್ಮ ಕೆಟಲ್ ನೋಡಿದ್ದಾರಾ? ಒಂದು ಸ್ಟೀಲ್ ಪಟ್ಟಿ ತಗೊಳ್ಳಿ. ಖಾಲಿ ಕೆಟಲ್‌ಗೆ ಒಂದೊಂದೇ ಲೀಟರ್ ತಣ್ಣೀರು ಅಳೆದು ಸುರಿಯುತ್ತಾ ಪಟ್ಟಿಗೆ ಗೆರೆ ಹಾಕಿ. ಅರ್ಧ ದಿನದ ಕೆಲಸ, ಮಕ್ಕಳಿಗೂ ಖುಷಿ. ಒಂದು ಲೀಟರ್ ತಪ್ಪಿದರೆ ಸುಮಾರು ಮೂರು ಪರ್ಸೆಂಟ್ ತಪ್ಪುತ್ತದೆ.

ಬಿಸಿಯ ವಿಷಯವೂ ಇದೆ. ಕುದಿಯುವ ವರ್ಟ್ ತಣ್ಣಗಿದ್ದಾಗಿನದಕ್ಕಿಂತ ಸುಮಾರು 4 ಪರ್ಸೆಂಟ್ ಹಿಗ್ಗಿರುತ್ತದೆ. ಪಟ್ಟಿ 28 ತೋರಿಸಿದರೆ ನಿಜವಾಗಿ 27ರ ಹತ್ತಿರ. ಮೇಲಿನ ನನ್ನ ಲೀಟರ್‌ಗಳೆಲ್ಲ ತಣ್ಣಗಿನ ಲೆಕ್ಕ. ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ ಇನ್ನೂ ಮೋಸ ಮಾಡುತ್ತದೆ. 65 ಡಿಗ್ರಿಯ ವರ್ಟ್‌ಗೆ ಇಳಿಬಿಟ್ಟರೆ 1.042 ಇರಬೇಕಾದದ್ದು 1.025ರ ಆಸುಪಾಸು ತೋರಿಸುತ್ತದೆ. ಬಿಸಿಗೆ ತಕ್ಕಂತೆ ಅಂಕಿ ತಿದ್ದುವ ಕೋಷ್ಟಕಗಳಿವೆ, ಆದರೆ ಅಷ್ಟು ಬಿಸಿಯಲ್ಲಿ ನಾನು ಅವನ್ನು ನಂಬಲಾರೆ. ಲೋಟವನ್ನು ಐಸ್ ನೀರಿನಲ್ಲಿಟ್ಟು ಮೇಲೆ ಮುಚ್ಚಿ, ಹೈಡ್ರೋಮೀಟರ್ ಮೇಲೆ ಬರೆದಿರುವ ಡಿಗ್ರಿಗೆ ಇಳಿಸಿ ನೋಡಿ. ಸಾಮಾನ್ಯವಾಗಿ 20 ಇರುತ್ತದೆ, ಕೆಲವದರಲ್ಲಿ 15.6. ಅಳೆಯುವ ಮುಂಚೆ ಕೆಟಲ್ ಚೆನ್ನಾಗಿ ಕಲಕಿ, ಮೊದಲು ಇಳಿದ ಗಟ್ಟಿ ವರ್ಟ್ ತಳದಲ್ಲೇ ಕೂತಿರುತ್ತದೆ.

ಇಷ್ಟೆಲ್ಲ ಸರಿಯಾಗಿ ಅಳೆದ ಮೇಲೂ 70ಕ್ಕಿಂತ ಕೆಳಗೇ ನಿಂತರೆ ಆಗ ಮಿಲ್ ನೋಡೋಣ, ಮ್ಯಾಶ್‌ನ ಪಿಎಚ್ ನೋಡೋಣ. ಸಾಲಾಗಿ ಎರಡು ಮೂರು ಬ್ಯಾಚ್‌ನ ಅಂಕಿ ತನ್ನಿ, ಒಂದನ್ನು ನೋಡಿ ನಾನು ಏನೂ ಹೇಳುವುದಿಲ್ಲ. ಜಾಸ್ತಿ ಮಾಲ್ಟ್ ಹಾಕಿದ ಸ್ಟ್ರಾಂಗ್ ಬಿಯರ್‌ಗೆ ಎಫಿಶಿಯನ್ಸಿ ತಾನಾಗೇ ಇಳಿಯುತ್ತದೆ, ಅದನ್ನು ಈ ಲೆಕ್ಕದ ಜೊತೆ ಹೋಲಿಸಬೇಡಿ. ಇನ್ನು 70 ಬಂದು ಅಲ್ಲೇ ನಿಂತಿದೆ ಅಂದರೆ, ಇದೇ ಬಿಯರ್‌ಗೆ 5 ಕೆಜಿ ಬದಲು 5.6 ಕೆಜಿ ಮಾಲ್ಟ್ ಹಾಕಿ. ಅದಕ್ಕಾಗಿ ಹೊಸ ಮಿಲ್ ಬೇಡ, ನನಗೆ ಫೋನೂ ಬೇಡ.