ಒಆರ್‌ಎಸ್ ಪ್ಯಾಕೆಟ್‌ಗೆ ಒಂದು ಲೀಟರ್ ನೀರೇ ಏಕೆ?

ಮಳೆ ಹಿಡಿದು ಬಾವಿಗೆ ಕೆಂಪು ನೀರು ಇಳಿಯುವ ಹೊತ್ತಿಗೆ ಕರಾವಳಿಯ ಮನೆಗಳಲ್ಲಿ ವಾಂತಿ-ಭೇದಿಯೂ ಕಾಣಿಸಿಕೊಳ್ಳುತ್ತದೆ. ಒಆರ್‌ಎಸ್ (ನೀರಿಗೆ ಕರಡಿ ಕುಡಿಸುವ ಉಪ್ಪು-ಗ್ಲೂಕೋಸ್ ಪುಡಿ) ಕೊಟ್ಟಿರಾ ಎಂದು ಕೇಳಿದರೆ, "ಕೊಟ್ಟಿದ್ದೇವೆ ಡಾಕ್ಟ್ರೇ, ಒಂದು ಲೋಟಕ್ಕೆ ಇಡೀ ಪ್ಯಾಕೆಟ್ ಹಾಕಿ ಸ್ಟ್ರಾಂಗ್ ಮಾಡಿಯೇ ಕೊಟ್ಟದ್ದು" ಎನ್ನುವವರಿದ್ದಾರೆ. ಮಗುವಿನ ಮೇಲಿನ ಕಾಳಜಿಯಿಂದಲೇ ಮಾಡಿದ್ದು. ಆದರೆ ಆ ಲೋಟ ಮಗುವಿನ ಮೈಯಿಂದ ಇನ್ನಷ್ಟು ನೀರನ್ನು ಕರುಳಿಗೆ ಎಳೆಯುತ್ತದೆ.

ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕುವವರು ಇದನ್ನು ಕಣ್ಣಾರೆ ಕಂಡಿದ್ದಾರೆ. ಬಿಡಿಸಿದ ಕಾಯಿಸೊಳೆಗೆ ಉಪ್ಪು ಬೆರೆಸಿ, ಭರಣಿಗೆ ಒತ್ತಿ ತುಂಬಿ, ಮೇಲೆ ಕಲ್ಲು ಹೇರಿಟ್ಟರೆ ಒಂದು ತೊಟ್ಟು ನೀರು ಹಾಕದಿದ್ದರೂ ಸೊಳೆ ಬಾಡಿ ಭರಣಿಯಲ್ಲಿ ನೀರು ನಿಲ್ಲುತ್ತದೆ. ಜೀವಕೋಶದ ಪೊರೆ ನೀರನ್ನು ಬಿಟ್ಟುಕೊಡುತ್ತದೆ, ಉಪ್ಪನ್ನು ಸುಲಭಕ್ಕೆ ಒಳಬಿಡುವುದಿಲ್ಲ. ಹಾಗಾಗಿ ಉಪ್ಪು ಹೆಚ್ಚಿದ್ದ ಕಡೆಗೆ ನೀರು ಹರಿಯುತ್ತದೆ. ಕರುಳಿನಲ್ಲೂ ಇದೇ ಲೆಕ್ಕ. ರಕ್ತದ ಸಾಂದ್ರತೆ ಲೀಟರಿಗೆ ಸುಮಾರು 290 ಮಿಲಿಆಸ್ಮೋಲ್ (ನೀರೆಳೆಯುವ ಕರಗಿದ ಕಣಗಳ ಲೆಕ್ಕ). ಸರಿಯಾಗಿ ಕರಡಿದ ಒಆರ್‌ಎಸ್‌ನದು 245, ರಕ್ತಕ್ಕಿಂತ ತುಸು ತೆಳು. ಒಂದು ಲೀಟರಿನ ಪ್ಯಾಕೆಟ್ಟನ್ನು 200 ಮಿಲಿಗೆ ಹಾಕಿದರೆ ಅದು 1,225 ಆಗುತ್ತದೆ!

ಹಾಗಾದರೆ ಬರೀ ನೀರನ್ನೇ ಕೊಟ್ಟರೆ ಸಾಲದೇ? ಸಾಲದು. ಭೇದಿಯಲ್ಲಿ ನೀರಿನ ಜೊತೆ ಉಪ್ಪೂ ಹೋಗಿರುತ್ತದೆ, ಅದನ್ನು ತುಂಬಬೇಕು. ಕರುಳಿನ ಕೋಶದ ಪೊರೆ 7–8 ನ್ಯಾನೋಮೀಟರ್ ದಪ್ಪದ ಎರಡು ಪದರದ ಜಿಡ್ಡು. ಸೋಡಿಯಂ ಆಗಲಿ ಗ್ಲೂಕೋಸ್ ಆಗಲಿ ಅದನ್ನು ತಾನಾಗಿ ದಾಟಲಾರದು. ದಾಟಿಸಲು ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನ್ ಇದೆ. ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ಹೊಳೆ ದಾಟಿ ತಣ್ಣೀರುಬಾವಿಗೆ ಹೋಗುವ ದೋಣಿಯ ಹಾಗೆ ಇದೂ ಒಮ್ಮೆಗೆ ಒಂದೇ ದಡದಲ್ಲಿರುತ್ತದೆ. ಎರಡು ಸೋಡಿಯಂ, ಒಂದು ಗ್ಲೂಕೋಸ್ ಹತ್ತಿದರೆ ಒಳದಡಕ್ಕೆ ತಿರುಗಿ ಇಳಿಸುತ್ತದೆ. ಅವುಗಳ ಹಿಂದೆ ನೀರು ಬರುತ್ತದೆ. ದೋಣಿಯನ್ನು ತಳ್ಳುವುದು ಕೋಶದ ಹಿಂಬದಿಯ ಪಂಪು. ಅದು ಪ್ರತಿ ಸಲ ಮೂರು ಸೋಡಿಯಂ ಹೊರಹಾಕಿ ಎರಡು ಪೊಟ್ಯಾಶಿಯಂ ಒಳತರುತ್ತದೆ. ಒಳಗೆ ಸೋಡಿಯಂ ಸದಾ ಕಡಿಮೆ ಇರುವುದರಿಂದಲೇ ಹೊರಗಿನದು ನುಗ್ಗುತ್ತದೆ.

ಕಾಲರಾದಲ್ಲಿ ಕೋಶದ ಕ್ಲೋರೈಡ್ ನಾಲೆಗಳು ತೆರೆದೇ ಉಳಿದು ನೀರು ಕರುಳಿಗೆ ಸುರಿಯುತ್ತದೆ. ಅಂಥ ಹೊತ್ತಿನಲ್ಲೂ ಈ ದೋಣಿ ಕೆಡುವುದಿಲ್ಲ. 1960ರಲ್ಲಿ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಈ ಜೋಡಿ ಸಾಗಾಟದ ವಿವರಣೆ ಕೊಟ್ಟರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲೂಕೋಸ್ ನೀರನ್ನೇ ಕುಡಿಸಿ ಅಸಂಖ್ಯ ಜೀವ ಉಳಿಸಿದರು. ಡ್ರಿಪ್ ಹಾಕಿದರಷ್ಟೇ ಚಿಕಿತ್ಸೆ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಒಂದು ಲೀಟರಿನ ಪ್ಯಾಕೆಟ್‌ನಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ. 200 ಮಿಲಿಯ ಚಿಕ್ಕ ಪ್ಯಾಕೆಟ್ಟೂ ಸಿಗುವುದರಿಂದ ಮೇಲೆ ಬರೆದದ್ದನ್ನು ಓದಿಯೇ ಕರಡಿ. ಕುದಿಸಿ ಆರಿಸಿದ ನೀರು ಬಳಸಿ. ಕರಡಿದ ಮೇಲೆ ಕುದಿಸಬೇಡಿ, ರುಚಿಗೆಂದು ಸಕ್ಕರೆ ಸೇರಿಸಬೇಡಿ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಪ್ಯಾಕೆಟ್ ಇಲ್ಲದಿದ್ದರೆ ಲೀಟರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಸೀಯಾಳ ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ತೀರಾ ಕಡಿಮೆ. ಒಆರ್‌ಎಸ್ ಬದಲಿಗೆ ಅದನ್ನೇ ನೆಚ್ಚಬೇಡಿ. ಕೋಲಾ ಬೇಡವೇ ಬೇಡ: ಲೀಟರಿಗೆ ನೂರು ಗ್ರಾಂ ಆಸುಪಾಸು ಸಕ್ಕರೆ, ಉಪ್ಪು ಇಲ್ಲವೆನ್ನುವಷ್ಟು. ನಮ್ಮ ಕುಚ್ಚಲಕ್ಕಿ ಗಂಜಿಯ ತೆಳಿಗೆ ಮಾತ್ರ ಮನಸಾರೆ ಒಪ್ಪಿಗೆ. ಗಂಜಿಯ ಪಿಷ್ಟದ ಒಂದೊಂದು ಅಣುವಿನಲ್ಲೂ ನೂರಾರು ಗ್ಲೂಕೋಸ್ ಹೆಣೆದುಕೊಂಡಿದ್ದು, ನೀರೆಳೆಯುವ ಲೆಕ್ಕದಲ್ಲಿ ಅದು ಒಂದೇ ಕಣ. ಕರುಳಿನಲ್ಲಿ ಅದು ನಿಧಾನಕ್ಕೆ ಬಿಚ್ಚಿಕೊಂಡು ದೋಣಿಗೆ ಗ್ಲೂಕೋಸ್ ಒದಗಿಸುತ್ತದೆ. ಲೀಟರ್ ತೆಳಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ.

ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50–100 ಮಿಲಿ, ದೊಡ್ಡ ಮಕ್ಕಳಿಗೆ 100–200 ಮಿಲಿ ಕೊಡಿ. ಎದೆಹಾಲು ನಿಲ್ಲಿಸಬೇಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮುಂದುವರಿಸಿ. ಕಣ್ಣು ಗುಳಿಬಿದ್ದು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಧಾನಕ್ಕೆ ಇಳಿದರೆ, ಮಗು ಮಂಕಾದರೆ, ಕುಡಿಯಲಾರದಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಮಗು ಎಚ್ಚರವಿದ್ದು ನುಂಗುತ್ತಿದ್ದರೆ ದಾರಿಯುದ್ದಕ್ಕೂ ಚಮಚದಲ್ಲಿ ಕೊಡುತ್ತಲೇ ಇರಿ.