ಸ್ಕೂಟರ್ ತೋರಿಸುವ ಆ 38 ಪರ್ಸೆಂಟ್ ಎಲ್ಲಿಂದ ಬರುತ್ತದೆ?

ನಿಮ್ಮ ಎಲೆಕ್ಟ್ರಿಕ್ ಸ್ಕೂಟರ್ 38% ಚಾರ್ಜ್ ಇದೆ ಅಂತ ತೋರಿಸುತ್ತದಲ್ಲ, ಅದನ್ನು ಯಾರೂ ಅಳೆದಿಲ್ಲ. ಪೆಟ್ರೋಲ್ ಟ್ಯಾಂಕಿನಲ್ಲಾದರೆ ಒಂದು ಫ್ಲೋಟ್ ಇರುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ನಮ್ಮ ಕೈಗೆ ಸಿಗುವುದು ಮೂರೇ: ವೋಲ್ಟೇಜ್, ಕರೆಂಟ್, ಬಿಸಿ ಎಷ್ಟಿದೆ ಅನ್ನುವುದು. ಉಳಿದದ್ದೆಲ್ಲ ಲೆಕ್ಕ. ಆ ಲೆಕ್ಕವೇ ನನ್ನ ಕೆಲಸ.

ಸುಲಭದ ದಾರಿ ಅಂದರೆ ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಅಂಗಡಿ ಖಾತೆಯ ಹಾಗೆ ಕೂಡಿ ಕಳೆಯುತ್ತಾ ಹೋಗುವುದು. ಆದರೆ ಸೆನ್ಸರ್ ಬರೀ 0.1 ಆಂಪಿಯರ್ ಜಾಸ್ತಿ ತೋರಿಸಿದರೂ ಒಂದು ದಿನಕ್ಕೆ 2.4 ಆಂಪಿಯರ್-ಅವರ್ (ಚಾರ್ಜ್ ಅಳೆಯುವ ಮಾನ) ತಪ್ಪು. 50 ಆಂಪಿಯರ್-ಅವರ್ ಪ್ಯಾಕಿನಲ್ಲಿ ಅದು ಹತ್ತಿರ ಹತ್ತಿರ 5%.

ಹಾಗಾದರೆ ವೋಲ್ಟೇಜ್ ನೋಡಿ ಹೇಳಬಹುದಲ್ವಾ? ಎನ್‌ಎಂಸಿ (ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್) ಅನ್ನುವ ಬಗೆಯ ಲಿಥಿಯಂ ಸೆಲ್ಲಿನಲ್ಲಿ ತಕ್ಕಮಟ್ಟಿಗೆ ಹೇಳಬಹುದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಅನ್ನುವ ಇನ್ನೊಂದು ಬಗೆಯಲ್ಲಿ ಕಷ್ಟ. ಒಂದು ಎಲ್‌ಎಫ್‌ಪಿ ಸೆಲ್ಲನ್ನು 60% ಚಾರ್ಜಿಗೆ ತಂದು, ಒಂದೆರಡು ಗಂಟೆ ಸುಮ್ನೆ ಬಿಟ್ಟು ಮೀಟರ್ ಹಿಡಿಯಿರಿ, 3.3 ವೋಲ್ಟ್ ಆಸುಪಾಸು. 40%ಗೆ ಇಳಿಸಿ ಮತ್ತೆ ಹಿಡಿಯಿರಿ. ಮತ್ತೆ 3.3ರ ಆಸುಪಾಸೇ, ಬದಲಾಗಿದ್ದು ಕೆಲವೇ ಮಿಲಿವೋಲ್ಟ್! ಸಾಲದ್ದಕ್ಕೆ, ಅದೇ 50%ಗೆ ಚಾರ್ಜ್ ಮಾಡುತ್ತಾ ಬಂದರೆ ಒಂದು ವೋಲ್ಟೇಜ್, ಖಾಲಿ ಮಾಡುತ್ತಾ ಬಂದರೆ ಇನ್ನೊಂದು.

ಇಲ್ಲಿ ನೆರವಿಗೆ ಬರುವುದು ಎಂಜಿನಿಯರ್ ರುಡಾಲ್ಫ್ ಕಾಲ್ಮನ್ 1960ರಲ್ಲಿ ಕೊಟ್ಟ ಫಿಲ್ಟರ್ ಅನ್ನುವ ಲೆಕ್ಕದ ವಿಧಾನ. ಚಂದ್ರನ ಕಡೆ ಹೊರಟ ಅಪೋಲೋ ನೌಕೆಯ ದಾರಿ ಲೆಕ್ಕಕ್ಕೂ ಇದನ್ನೇ ಬಳಸಿದ್ದರು. ಸೆಲ್ಲನ್ನು ಕೆಲವು ರೆಸಿಸ್ಟರ್, ಕೆಪಾಸಿಟರ್‌ಗಳ ಸರ್ಕ್ಯೂಟ್ ಅಂತ ಭಾವಿಸಿ, ಈಗ ವೋಲ್ಟೇಜ್ ಇಷ್ಟಿರಬೇಕು ಅಂತ ಮೊದಲೇ ಲೆಕ್ಕ ಹಾಕುತ್ತೇವೆ, ನಿಜದ ಅಳತೆ ಬಂದಾಗ ಎರಡರ ವ್ಯತ್ಯಾಸ ನೋಡಿ ಪರ್ಸೆಂಟನ್ನು ತಿದ್ದುತ್ತೇವೆ. ವೋಲ್ಟೇಜ್ ಚಪ್ಪಟೆಯಾಗಿರುವ ಕಡೆ ಫಿಲ್ಟರ್ ಕರೆಂಟಿನ ಖಾತೆಯನ್ನು ಹೆಚ್ಚು ನಂಬುತ್ತದೆ, ಎರಡು ತುದಿಯಲ್ಲಿ ವೋಲ್ಟೇಜನ್ನು. ಎಷ್ಟು ಸಲ ನೋಡಿದರೂ ನನಗೆ ಇದು ಚಂದವೇ.

ನನ್ನ ನಿದ್ದೆ ಕೆಡಿಸುವುದು ಮಾತ್ರ ಹಳೆಯ ಬ್ಯಾಟರಿ. 50 ಆಂಪಿಯರ್-ಅವರ್ ಇದ್ದದ್ದು ವರ್ಷಗಳಲ್ಲಿ 42ಕ್ಕೆ ಇಳಿದಿದೆ ಅಂದುಕೊಳ್ಳಿ. ಲೆಕ್ಕ ಇನ್ನೂ 50ರಿಂದಲೇ ಭಾಗಿಸುತ್ತಿದ್ದರೆ, ಪರದೆಯ ಮೇಲೆ 16% ಇರುವಾಗಲೇ ಗಾಡಿ ನಿಲ್ಲುತ್ತದೆ. ರಾತ್ರಿ, ಮನೆಗೆ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ. ಆ 42 ಅನ್ನುವುದು ಗೊತ್ತಾಗಬೇಕಾದರೆ ವೋಲ್ಟೇಜ್ ಚೆನ್ನಾಗಿ ಬಾಗುವ ತುದಿಗಳನ್ನು ಲೆಕ್ಕ ಆಗಾಗ ಮುಟ್ಟಬೇಕು. ದಿನಾ 40ರಿಂದ 70 ಪರ್ಸೆಂಟ್ ನಡುವೆಯೇ ಓಡುವ ಗಾಡಿ ಅವನ್ನು ನೋಡುವುದೇ ಇಲ್ಲ. ಅದಕ್ಕೇ ಎಲ್‌ಎಫ್‌ಪಿ ಗಾಡಿ ಇರುವವರಿಗೆ ನಾನು ಹೇಳುವುದಿಷ್ಟು: ಕೈಪಿಡಿಯಲ್ಲಿ ಹೇಳಿದಷ್ಟು ಸಲ ಪೂರ್ತಿ 100ಕ್ಕೆ ಚಾರ್ಜ್ ಮಾಡಿ, ಚಾರ್ಜರ್ ತಾನಾಗಿ ನಿಲ್ಲುವವರೆಗೂ ಕೀಳಬೇಡಿ.