ಕೈ ನಡುಗುವ ಮೊದಲೇ ಕರುಳು ಮಂದ

ಪಾರ್ಕಿನ್ಸನ್ ಅಂದರೆ ನಮಗೆ ನೆನಪಾಗುವುದು ನಡುಗುವ ಕೈ, ಪುಟ್ಟ ಪುಟ್ಟ ಹೆಜ್ಜೆ. ಅದು ಮಿದುಳಿನ ಕಾಯಿಲೆ, ಅಲ್ವಾ? ಆದರೆ ಎಷ್ಟೋ ಜನರಿಗೆ ಕೈ ನಡುಗುವ ಹತ್ತಾರು ವರ್ಷ ಮೊದಲೇ ಮಲಬದ್ಧತೆ ಶುರುವಾಗಿರುತ್ತದೆ. ವಯಸ್ಸಾಯ್ತು, ನೀರು ಕಡಿಮೆ ಕುಡಿಯುತ್ತಾರೆ ಅಂತ ಮನೆಯವರು ಸುಮ್ನೆ ಬಿಟ್ಟಿರುತ್ತಾರೆ.

ಅಮೆರಿಕದ ಹವಾಯಿ ದ್ವೀಪಗಳ ಹೊನೊಲುಲುವಿನಲ್ಲಿ ಸಂಶೋಧಕರು 6,790 ಗಂಡಸರನ್ನು ವರ್ಷಗಟ್ಟಲೆ ಗಮನಿಸಿ 2001ರಲ್ಲಿ ಒಂದು ಲೆಕ್ಕ ಕೊಟ್ಟರು. ದಿನಕ್ಕೊಮ್ಮೆಯೂ ಹೊಟ್ಟೆ ಖಾಲಿಯಾಗದವರಿಗೆ, ದಿನಕ್ಕೊಮ್ಮೆ ಆಗುವವರಿಗಿಂತ ಈ ಕಾಯಿಲೆಯ ಅಪಾಯ 2.7 ಪಟ್ಟು. (ಗಾಬರಿ ಬೇಡ. ಹೊಟ್ಟೆ ಕಟ್ಟಿದ ಬಹುಪಾಲು ಜನರಿಗೆ ಪಾರ್ಕಿನ್ಸನ್ ಬರುವುದೇ ಇಲ್ಲ.)

ಅನ್ನನಾಳದಿಂದ ಗುದದವರೆಗೆ ಕರುಳಿನ ಗೋಡೆಯೊಳಗೆ ಹತ್ತು ಕೋಟಿಗೂ ಜಾಸ್ತಿ ನರಕೋಶಗಳ ಬಲೆ ಇದೆ. ಊಟವನ್ನು ಮುಂದಕ್ಕೆ ತಳ್ಳುವ ಕೆಲಸಕ್ಕೆ ಅದು ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ನರಕೋಶಗಳಲ್ಲಿ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನ್ ಇರುತ್ತದೆ. ಅದು ತಪ್ಪಾಗಿ ಮಡಿಸಿಕೊಂಡರೆ ಗಂಟು ಕಟ್ಟುತ್ತದೆ. ಇಂಥ ಗಂಟುಗಳನ್ನು ನರವಿಜ್ಞಾನಿ ಫ್ರೆಡ್ರಿಕ್ ಲೆವಿ 1912ರಲ್ಲೇ ಮಿದುಳಿನಲ್ಲಿ ಕಂಡಿದ್ದರು. 1980ರ ದಶಕದಲ್ಲಿ ಅವು ರೋಗಿಗಳ ಕರುಳಿನಲ್ಲೂ ಸಿಕ್ಕವು.

2003ರಲ್ಲಿ ಜರ್ಮನಿಯ ಅಂಗರಚನಾ ವಿಜ್ಞಾನಿ ಹೈಕೊ ಬ್ರಾಕ್ ಉಲ್ಟಾ ಯೋಚಿಸಿದರು. ರೋಗ ಹೊಟ್ಟೆಯಲ್ಲೇ ಹುಟ್ಟಿ, ಹೊಟ್ಟೆಗೂ ಮಿದುಳಿಗೂ ನಡುವೆ ಇರುವ ವೇಗಸ್ ನರ ಹಿಡಿದು ಮೇಲೇರುತ್ತಿರಬಹುದಲ್ಲ? ಇದನ್ನು ಪರೀಕ್ಷಿಸಲು ಹಳೆಯ ಆಪರೇಷನ್ ಒಂದು ಕೈಗೆ ಸಿಕ್ಕಿತು. ಆಮ್ಲ ತಗ್ಗಿಸುವ ಒಳ್ಳೆಯ ಮಾತ್ರೆಗಳು ಬರುವ ಮೊದಲು, ಹೊಟ್ಟೆಹುಣ್ಣಿಗೆ ಈ ನರವನ್ನೇ ಕತ್ತರಿಸುತ್ತಿದ್ದರು. ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ದಾಖಲೆಗಳಲ್ಲಿ ಹುಡುಕಿದಾಗ, ನರದ ಬುಡವನ್ನೇ ಕತ್ತರಿಸಿಕೊಂಡವರಲ್ಲಿ ಪಾರ್ಕಿನ್ಸನ್ ತುಸು ಕಡಿಮೆ ಕಂಡಿತು. ಕವಲುಗಳನ್ನಷ್ಟೇ ಕತ್ತರಿಸಿದವರಲ್ಲಿ ಆ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ದೊಡ್ಡದೇನಲ್ಲ, ಸಾಕ್ಷಿ ಗಟ್ಟಿ ಅಂತ ನಾನು ಹೇಳಲಾರೆ. 2019ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಡೆದ ಇಲಿಗಳ ಪ್ರಯೋಗ ಇನ್ನೂ ನೇರವಾಗಿದೆ. ಕೆಟ್ಟ ಪ್ರೋಟೀನನ್ನು ಹೊಟ್ಟೆ ಭಾಗಕ್ಕೆ ಚುಚ್ಚಿದರೆ ಅದು ಮಿದುಳಿನವರೆಗೆ ಹರಡಿತು. ವೇಗಸ್ ಕತ್ತರಿಸಿದ ಇಲಿಗಳಲ್ಲಿ ಹರಡಲಿಲ್ಲ.

ಎಲ್ಲ ರೋಗಿಗಳ ಕಥೆ ಹೀಗಿಲ್ಲ. ಕೆಲವರಲ್ಲಿ ಮಿದುಳಿನಲ್ಲೇ ಮೊದಲು ಶುರುವಾಗುವಂತಿದೆ. ಇನ್ನೊಂದು ವಿಚಿತ್ರ: ಮಿದುಳಿನಲ್ಲಿ ಡೋಪಮಿನ್ (ಚಲನೆಯನ್ನು ಹದದಲ್ಲಿಡುವ ರಾಸಾಯನಿಕ) ತಯಾರಿಸುವ ಕೋಶಗಳು ಸಾಯುವಷ್ಟು ಪ್ರಮಾಣದಲ್ಲಿ ಕರುಳಿನ ಕೋಶಗಳು ಸತ್ತಿರುವುದು ಕಾಣುವುದಿಲ್ಲ. ಕೋಶಗಳು ಬದುಕಿದ್ದೂ ಕರುಳು ಮಂದವಾಗುತ್ತದೆ.

ಎಲ್ಲಿಂದಲೇ ಶುರುವಾಗಲಿ, ಚಿಕಿತ್ಸೆ ಮಾತ್ರ ಹೊಟ್ಟೆಯನ್ನು ದಾಟಲೇಬೇಕು. ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪ ಮಾತ್ರೆ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಜಠರ ಬೇಗ ಖಾಲಿಯಾಗದಿದ್ದರೆ ಮಾತ್ರೆ ಅಲ್ಲೇ ಕೂತಿರುತ್ತದೆ. ಮುಟ್ಟಿದರೆ ಮೈಯೆಲ್ಲ ತುರಿಸುವ ನಮ್ಮ ನಸುಗುನ್ನಿಯ ಬೀಜದಲ್ಲಿರುವುದೂ ಇದೇ ಲೆವೊಡೋಪ, ಅದಕ್ಕೂ ಇದೇ ದಾರಿ. ಬೇಳೆ, ಮೊಟ್ಟೆಯ ಪ್ರೋಟೀನು ಕೂಡ ಅದೇ ಬಾಗಿಲಲ್ಲಿ ನೂಕಾಡುತ್ತದೆ. ಹಾಗಾಗಿಯೇ ವೈದ್ಯರು ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗಲು ಹೇಳುವುದು.